ವಿಯೆನ್ನಾ ಬಿಟ್ಟು ಎಷ್ಟು ಕಿಲೋಮೀಟರು

ಓಡುವ ರೈಲಿನಲ್ಲಿ ಯಾರಾದರೂ ತೀರಿಕೊಂಡರೆ ಅವರನ್ನು ಮುಂದಿನ ಸ್ಟೇಷನ್ನಿನಲ್ಲಿ ಇಳಿಸುತ್ತಾರೆ. ಹಾಗೆಂದು ರಿಜಿಸ್ಟರಿನಲ್ಲಿ ಆ ಸ್ಟೇಷನ್ನಿನ ಹೆಸರು ಬರೆಯುವಂತಿಲ್ಲ. ಎಷ್ಟನೆಯ ಕಿಲೋಮೀಟರ್ ಕಲ್ಲಿಗೂ ಎಷ್ಟನೆಯ ಕಲ್ಲಿಗೂ ನಡುವೆ ಜೀವ ಹೋಯಿತು ಎಂಬುದನ್ನು ವಿಚಾರಿಸಿ ಬರೆಯಬೇಕು. ಸತ್ತವರಿಗೆ ಇದರಿಂದ ಏನು ಪ್ರಯೋಜನವೋ ಭಗವಂತನಿಗೇ ಗೊತ್ತು. ಆದರೆ ಸೇತುರಾಮಯ್ಯನವರು ಮೂವತ್ತಾರು ವರ್ಷ ರೈಲ್ವೆಯ ಕೆಲಸದಲ್ಲಿ, ಮೈಸೂರು ಅರಸೀಕೆರೆ ಮಾರ್ಗದಲ್ಲಿ ಈ ನಿಯಮವನ್ನು ಪಾಲಿಸಿದವರು. ಹೀಗಿರುವಾಗ ಅವರ ಹೆಂಡತಿ ಕೌಸಲ್ಯಮ್ಮ ವಿಯೆನ್ನಾದಿಂದ ಲಿಸ್ಬನ್ನಿಗೆ ಹೋಗುವ ವಿಮಾನದಲ್ಲಿ, ಅವರ ಭುಜಕ್ಕೆ ತಲೆಯಿಟ್ಟುಕೊಂಡು, ಯಾವ ಕಲ್ಲೂ ಇಲ್ಲದ ಆಕಾಶದಲ್ಲಿ ತೀರಿಕೊಂಡರು.

ಯೂರೋಪಿಗೆ ಹೋಗಬೇಕೆಂದು ಕೌಸಲ್ಯಮ್ಮನವರು ಯಾವತ್ತೂ ಕೇಳಿದವರಲ್ಲ. ಮಗಳು ಶುಭಾ, ಅಳಿಯ ಗಿರಿಧರ್, ಮೊಮ್ಮಗಳು ಸಿಂಚನಾ ಇದ್ದ ಸಿಂಗಪುರದ ಚೋವಾ ಚು ಕಾಂಗಿನ ಹನ್ನೊಂದನೆಯ ಮಹಡಿಯ ಮನೆಗೆ ಬಂದಮೇಲೆ ಆಕೆ ಕೇಳಿದ್ದು ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ, ಅಷ್ಟೆ. ಕೇಡು ಬಂದದ್ದು ಅಶ್ವತ್ಥನಾರಾಯಣರ ರೂಪದಲ್ಲಿ. ಬ್ಯಾಂಕಿನಲ್ಲಿ ಆಡಿಟರಾಗಿದ್ದ ಈ ಮಹನೀಯರು ಎರಡು ಬ್ಲಾಕು ಆಚೆ ಮಗನ ಮನೆಯಲ್ಲಿದ್ದರು. ಸಂಜೆ ಕಟ್ಟಡದ ಬುಡದ ತೆರೆದ ಅಂಗಳದಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು, ಹನ್ನೊಂದು ದಿನದಲ್ಲಿ ಏಳು ದೇಶ ಮುಗಿಸಿದ್ದನ್ನು ಫೋನಿನಲ್ಲಿ ಒಂದೊಂದೇ ಫೋಟೋ ತೋರಿಸುತ್ತ ಹೇಳುತ್ತಿದ್ದರು. ನಾನೂರನೆಯ ಫೋಟೋ ಆದಮೇಲೆ ಸೇತುರಾಮಯ್ಯನವರು, ತಾವೂ ಮುಂದಿನ ತಿಂಗಳು ಹೊರಟಿರುವುದಾಗಿ ಹೇಳಿಬಿಟ್ಟರು. ಹೊರಡುವ ಯೋಚನೆ ಅವರಿಗೆ ಬಂದದ್ದೂ ಆ ಮಾತು ಬಾಯಿಂದ ಹೊರಟ ಗಳಿಗೆಯಲ್ಲೇ. ಮನೆಗೆ ಬಂದು ಹೆಂಡತಿಗೆ ತಿಳಿಸಿದರು.

"ನನ್ನನ್ನ ನಂಜನಗೂಡಿಗೆ ಕರಕೊಂಡು ಹೋಗಿ, ಸಾಕು" ಎಂದರು ಆಕೆ. ಅಂದರೂ ಪ್ರಯಾಣಕ್ಕೆಂದು ಹುರಿಹಿಟ್ಟು ಹುರಿದು ಡಬ್ಬಕ್ಕೆ ತುಂಬಿಕೊಂಡರು.

ಆ ಪ್ರಯಾಣದಲ್ಲಿ ಆಕೆ ತೀರಿಕೊಂಡು ವರ್ಷ ತುಂಬಲು ಇನ್ನು ಮೂರು ವಾರವಿತ್ತು. ಲಿಸ್ಬನ್ನಿನ ಡಾಕ್ಟರು ಬರೆದುಕೊಟ್ಟ ಗಳಿಗೆಯನ್ನು ಮೈಸೂರಿನ ಗುಂಡಪ್ಪ ಜೋಯಿಸರು ಪಂಚಾಂಗಕ್ಕೆ ಹಾಕಿ ನೋಡಿ, ಆಷಾಢ ಶುಕ್ಲ ಏಕಾದಶಿ ಎಂದು ತಿಥಿ ಗೊತ್ತುಮಾಡಿದ್ದರು. ಕೌಸಲ್ಯಮ್ಮ ನಲವತ್ತು ವರ್ಷ ಏಕಾದಶಿಯ ದಿನ ಹನಿ ನೀರನ್ನೂ ಮುಟ್ಟಿದವರಲ್ಲ. ಅಂಥವರಿಗೆ ಆ ದಿನವೇ ಕರೆ ಬಂತಲ್ಲ ಎಂಬುದೊಂದೇ ಆ ಮನೆಯಲ್ಲಿ ಉಳಿದಿದ್ದ ಸಮಾಧಾನ. ಶನಿವಾರದ ಭಜನೆಗೆ ಬಂದ ಹೆಂಗಸರು ಅದನ್ನೇ ಎತ್ತಿ ಪುಣ್ಯವಂತೆ ಎನ್ನುತ್ತಿದ್ದಾಗ ಅಶ್ವತ್ಥನಾರಾಯಣರು ಕೋಸಂಬರಿಯ ದೊನ್ನೆ ಕೆಳಗಿಟ್ಟರು.

"ಅಲ್ಲಾ ರಾಯರೇ, ಡಾಕ್ಟರು ಬರ್ದಿರೋದು ಅವರು ನೋಡಿದ ಟೈಮು. ಹೋಗಿದ್ದು ಯಾವಾಗ?"

ಮಾತು ಅಷ್ಟೆ. ಆಡಿಟರರು ದೊನ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಸೇತುರಾಮಯ್ಯನವರು ಮಾತ್ರ ಆ ಗಳಿಗೆಯಿಂದ ಊಟ ಬಿಟ್ಟರು. ಅರಸೀಕೆರೆಯಲ್ಲಿ ಇಳಿಸಿದ ಮಾತ್ರಕ್ಕೆ ಅರಸೀಕೆರೆಯಲ್ಲಿ ಸತ್ತರೆಂದು ಬರೆದ ಎಷ್ಟೋ ಮಂದಿ ಗಾರ್ಡುಗಳಿಗೆ ಮೆಮೋ ಕೊಟ್ಟಿದ್ದವರು ಅವರೇ. ತಮ್ಮ ಹೆಂಡತಿಯ ವಿಷಯದಲ್ಲಿ ತಾವೇ ಅಂಥ ಗಾರ್ಡಾಗಿದ್ದರು.

ಸ್ಕೈಪಿನಲ್ಲಿ ಜೋಯಿಸರನ್ನು ಹಿಡಿದದ್ದಾಯಿತು. ಪಂಚಾಂಗ ತೆರೆದು, ಕನ್ನಡಕ ಏರಿಸಿ, ಆ ದಿನ ನಮ್ಮ ದೇಶದ ವೇಳೆಗೆ ಸಂಜೆ ಐದು ನಲವತ್ತಕ್ಕೆ ದಶಮಿ ಮುಗಿದು ಏಕಾದಶಿ ಹತ್ತಿತೆಂದು ಅವರು ಹೇಳಿದರು. ಜೀವ ಐದು ನಲವತ್ತಕ್ಕೆ ಮುಂಚೆ ಹೋಗಿದ್ದರೆ ತಿಥಿ ದಶಮಿ. ಆಮೇಲೆ ಹೋಗಿದ್ದರೆ ಏಕಾದಶಿ. ದಶಮಿಯಾಗಿದ್ದ ಪಕ್ಷದಲ್ಲಿ ಇದುವರೆಗೆ ಮಾಡಿದ ಮಾಸಿಕಗಳೆಲ್ಲ, ಎಂದು ಬಾಯಿ ತೆರೆದರು. ಪರದೆ ಅಲ್ಲಿಗೇ ನಿಂತುಹೋಯಿತು. ಜೋಯಿಸರು ಕಾಲು ಗಂಟೆ ಬಾಯಿ ತೆರೆದುಕೊಂಡೇ ಇದ್ದರು. ಸೇತುರಾಮಯ್ಯನವರು ಕಾಲು ಗಂಟೆ ಕೈಮುಗಿದುಕೊಂಡೇ ಇದ್ದರು. ಸಂಪರ್ಕ ಮರಳಿ ಬಂದಾಗ, ಎರಡು ದಿನವೂ ಶ್ರಾದ್ಧ ಮಾಡಿಬಿಟ್ಟರಾಗದೇ ಎಂದು ಗಿರಿಧರ್ ಹಿಂದಿನಿಂದ ಕೇಳಿದ.

"ಎರಡು ದಿನ ಮಾಡಿದ್ರೆ ಆಕೆ ಎರಡು ಸಲ ಹೋದ ಹಾಗಾಗುತ್ತಪ್ಪ" ಎಂದರು ಜೋಯಿಸರು. "ಒಂದು ಸಲ ಸಾಲದೆ?"

ಲೆಕ್ಕ ಶುರುವಾಯಿತು. ಸೇತುರಾಮಯ್ಯನವರ ಕೈಗಡಿಯಾರ ಸಿಂಗಪುರದಲ್ಲೂ ಯೂರೋಪಿನಲ್ಲೂ ಭಾರತದ ವೇಳೆಯನ್ನೇ ತೋರಿಸುತ್ತಿತ್ತು; ಹೋದ ಊರಿಗೆಲ್ಲ ಮುಳ್ಳು ತಿರುಗಿಸುವವನು ರೈಲ್ವೆಯವನೇ ಅಲ್ಲವೆಂದು ಅವರ ಮತ. ಆ ಗಡಿಯಾರದ ಪ್ರಕಾರ ವಿಮಾನ ಹೊರಟದ್ದು ನಾಲ್ಕು ಹತ್ತಕ್ಕೆ. ಊಟ ಮುಗಿದು ಹೆಂಡತಿ ಕಡೆಯ ಮಾತಾಡಿದ್ದು ಐದಕ್ಕೆ. ಆಮೇಲೆ ಅವರಿಗೆ ನಿದ್ದೆ. ಇಳಿದದ್ದು ಏಳು ಐವತ್ತಕ್ಕೆ, ಆಗಲೇ ಆಕೆಯ ಕೈ ತಣ್ಣಗಿತ್ತು. ಅಂದರೆ ಐದಕ್ಕೂ ಏಳು ಐವತ್ತಕ್ಕೂ ನಡುವೆ ಯಾವುದೋ ಒಂದು ಕಲ್ಲು. ಅದು ಯಾವುದು?

ಸಿಂಚನಾಳ ಶಾಲೆಯ ಅಟ್ಲಾಸ್ ತೆಗೆದು, ಜನಿವಾರಕ್ಕೆಂದು ಇಟ್ಟಿದ್ದ ನೂಲಿನಿಂದ ವಿಯೆನ್ನಾಕ್ಕೂ ಲಿಸ್ಬನ್ನಿಗೂ ಅಳೆದರು. ಎರಡು ಸಾವಿರದ ಮುನ್ನೂರು ಕಿಲೋಮೀಟರು ಬಂತು. ಮೈಸೂರಿನಿಂದ ಅರಸೀಕೆರೆಗೆ ಹದಿನಾಲ್ಕು ಸಲ ಹೋಗುವಷ್ಟು ದೂರ. ಇನ್ನು ಕಾಲ. ಟಿಕೀಟಿನಲ್ಲಿ ಹೊರಡುವುದು ಹನ್ನೆರಡು ನಲವತ್ತು, ತಲುಪುವುದು ಮೂರು ಇಪ್ಪತ್ತು ಎಂದು ಅಚ್ಚಾಗಿತ್ತು: ಎರಡು ಗಂಟೆ ನಲವತ್ತು ನಿಮಿಷ. ಗಡಿಯಾರದಲ್ಲಿ ಮೂರು ಗಂಟೆ ನಲವತ್ತು. ಸೇತುರಾಮಯ್ಯನವರು ಎರಡನ್ನೂ ಮೂರು ಸಲ ಕಳೆದು ನೋಡಿದರು. ಒಂದು ಗಂಟೆ ಕಾಣೆಯಾಗಿತ್ತು.

ಇದನ್ನು ಕೇಳಿ ಗಿರಿಧರನು ಒಂದು ಕಿತ್ತಳೆ ಹಣ್ಣು, ಒಂದು ಟಾರ್ಚು ತಂದ. "ಮಾವ, ಇದು ಸಿಂಪಲ್. ಲಿಸ್ಬನ್ ಒಂದು ಅವರ್ ಹಿಂದೆ ಇದೆ. ಟೈಮ್ ಝೋನ್ ಚೇಂಜ್ ಆಗುತ್ತೆ ಅಷ್ಟೇ" ಎಂದು ಹಣ್ಣನ್ನು ತಿರುಗಿಸಿ ತೋರಿಸಿದ. ಸೇತುರಾಮಯ್ಯನವರು ಗಮನವಿಟ್ಟು ನೋಡಿ, ಗಡಿಯಾರ ಹಿಂದೆ ಹೋದರೆ ಗಾಡಿಗೇನು, ಗಾಡಿಯಲ್ಲಿ ಕುಳಿತವರಿಗೇನು ಎಂದು ಕೇಳಿದರು. ಆ ಒಂದು ಗಂಟೆ ಲಿಸ್ಬನ್ನಿನ ಲೆಕ್ಕದಲ್ಲಿ ನಡೆದೇ ಇಲ್ಲವಾದರೆ, ಆ ಗಂಟೆಯಲ್ಲಿ ಸತ್ತವರು ಸತ್ತದ್ದಾದರೂ ಹೇಗೆ ಎಂದೂ ಕೇಳಿದರು. ಅಳಿಯನು ಮತ್ತೆ ಹಣ್ಣಿಗೆ ಕೈಹಾಕುವಷ್ಟರಲ್ಲಿ ಸಿಂಚನಾ ಲಿಸ್ಬನ್ ಇದ್ದ ಕಡೆಯ ಎರಡು ತೊಳೆ ತಿಂದುಬಿಟ್ಟಿದ್ದಳು. ಭೂಗೋಳದ ಪಾಠ ಅಲ್ಲಿಗೆ ಮುಗಿಯಿತು.

ಸೇತುರಾಮಯ್ಯನವರು ತಮ್ಮದೇ ತೀರ್ಮಾನಕ್ಕೆ ಬಂದರು. ಗಾಡಿ ಒಂದು ಗಂಟೆ ತಡವಾಗಿದೆ. ಎಲ್ಲೋ ಸಿಗ್ನಲ್ ಸಿಗದೆ ನಿಂತಿದೆ. ಎಲ್ಲಿ ನಿಂತಿತೆಂದು ತಿಳಿದರೆ ಲೆಕ್ಕ ಮುಂದುವರಿಯುತ್ತದೆ. ಅಶ್ವತ್ಥನಾರಾಯಣರು ತಾವು ಹಚ್ಚಿದ ಬೆಂಕಿಗೆ ಹೆದರಿ, ಬೇಡ ಬಿಡಿ ರಾಯರೇ ಎಂದು ಎರಡು ಸಲ ಹೇಳಿ ನೋಡಿದರು. ಮೂರನೆಯ ಸಲ ತಾವೂ ಕೊಡೆ ತೆಗೆದುಕೊಂಡು ಜೊತೆಗೆ ಹೊರಟರು.

ಟಿಕೀಟು ಕೊಟ್ಟ ಪ್ರವಾಸ ಕಚೇರಿ ಇದ್ದದ್ದು ಉಬಿಯಲ್ಲಿ, ಕಾರು ರಿಪೇರಿ ಅಂಗಡಿಗಳ ನಡುವೆ. ಆಗಿನ್ನೂ ಉಬಿಗೆ ರೈಲು ಬಂದಿರಲಿಲ್ಲ. ರೈಲಿಲ್ಲದ ಊರಿನಲ್ಲಿ ಪ್ರಯಾಣದ ಕಚೇರಿ ಇಟ್ಟವರಿಂದ ಸತ್ಯ ಹೊರಡುವುದು ಕಷ್ಟವೆಂದು ಸೇತುರಾಮಯ್ಯನವರು ಬಸ್ಸಿನಲ್ಲೇ ಹೇಳಿದರು. ಅಲ್ಲಿದ್ದ ಮಿಸ್ ಲಿಮ್ ಎಂಬ ಹುಡುಗಿ ಒಳ್ಳೆಯವಳು. ಇಬ್ಬರಿಗೂ ನೀರು ಕೊಟ್ಟು, ಅಂಕಲ್ ಅಂಕಲ್ ಎನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ವಿಮಾನ ತಡವಾದದ್ದಕ್ಕೆ ಪರಿಹಾರ ಕೇಳಲು ಬಂದಿದ್ದಾರೆಂದು ತಿಳಿದು, ಒಂದು ಗಂಟೆಗೆಲ್ಲ ಏನೂ ಸಿಗುವುದಿಲ್ಲವೆಂದು ಬಹಳ ನೊಂದುಕೊಂಡು ಹೇಳಿದಳು. ಪರಿಹಾರ ಬೇಡ, ಸ್ಥಳ ಬೇಕು ಎಂದರು ಸೇತುರಾಮಯ್ಯ. ಅವಳಿಗೆ ಅರ್ಥವಾಗಲಿಲ್ಲ. ಅಶ್ವತ್ಥನಾರಾಯಣರು ಬ್ಯಾಂಕಿನ ಇಂಗ್ಲಿಷಿನಲ್ಲಿ ವಿವರಿಸಿದಮೇಲೆ ಇನ್ನೂ ಅರ್ಥವಾಗಲಿಲ್ಲ.

"ಅಂಕಲ್, ಕಂಪ್ಯೂಟರಿನಲ್ಲಿ ಮೂರೇ ಫಾರಂ ಇರುವುದು ಲಾ" ಎಂದು ಸಿಂಗಪುರದ ರಾಗ ಸೇರಿಸಿ ಹೇಳಿದಳು. "ತಡ, ಹಾನಿ, ನಷ್ಟ. ನಿಮ್ಮದು ಯಾವುದು?"

ತಡವೆಂದರೆ ಮೂರು ಗಂಟೆಯಾಗಬೇಕು. ಹಾನಿಯೆಂದರೆ ಪೆಟ್ಟಿಗೆ ಒಡೆದಿರಬೇಕು. ಸೇತುರಾಮಯ್ಯನವರು ನ್ಯಾಯವಾಗಿ ಯೋಚಿಸಿ ಮೂರನೆಯದನ್ನು ಕೇಳಿ ಪಡೆದರು. ಅದು ವಿಮಾನದಲ್ಲಿ ಸಾಮಾನು ಕಳೆದುಕೊಂಡವರು ತುಂಬುವ ಫಾರಂ. ಮೂವತ್ತಾರು ವರ್ಷದಲ್ಲಿ ಯಾವ ಫಾರಮನ್ನೂ ಅವರು ಅರ್ಧ ತುಂಬಿದವರಲ್ಲ. ಜೇಬಿನಿಂದ ಪೆನ್ನು ತೆಗೆದು, ದಪ್ಪ ಅಕ್ಷರದಲ್ಲಿ ಬರೆಯತೊಡಗಿದರು.

ಕಳೆದ ವಸ್ತು: ಶ್ರೀಮತಿ ಕೌಸಲ್ಯಾ. ಉದ್ದ: ಐದಡಿ ಒಂದಂಗುಲ. ಬಣ್ಣ: ಎಣ್ಣೆಗೆಂಪು. ವಿಶೇಷ ಗುರುತು: ಎಡ ಹುಬ್ಬಿನ ಮೇಲೆ ಮಚ್ಚೆ, ಹಸಿರು ಸೀರೆ. ಕಡೆಯ ಸಲ ಕಂಡದ್ದು: ಇಪ್ಪತ್ತಮೂರನೆಯ ಸಾಲು, ಕಿಟಕಿಯ ಸೀಟು, ಭಾರತದ ವೇಳೆ ಐದು ಗಂಟೆ. ಕಳೆದ ಸ್ಥಳ: ವಿಯೆನ್ನಾ ಲಿಸ್ಬನ್ ನಡುವೆ, ಎಷ್ಟನೆಯ ಕಿಲೋಮೀಟರೆಂದು ತಿಳಿಯದು, ಅದನ್ನು ತಿಳಿಸಿಕೊಡಬೇಕೆಂದೇ ಈ ಅರ್ಜಿ. ಸಿಕ್ಕಲ್ಲಿ ಎಲ್ಲಿಗೆ ತಲುಪಿಸಬೇಕು ಎಂಬಲ್ಲಿ ಅಭ್ಯಾಸಬಲದಿಂದ ಚೋವಾ ಚು ಕಾಂಗಿನ ಮನೆಯ ವಿಳಾಸವನ್ನು ಬ್ಲಾಕು, ಮಹಡಿ ಸಮೇತ ಬರೆದರು. ಬೆಲೆ ಎಂಬ ಕಡೆ ಮಾತ್ರ ಪೆನ್ನು ನಿಂತಿತು. ಅಶ್ವತ್ಥನಾರಾಯಣರು ತಮ್ಮ ವೃತ್ತಿಗೆ ಸೇರಿದ ಆ ಕಲಮನ್ನು ನೋಡಿದವರು ಕಿಟಕಿಯ ಆಚೆ ಟೈರು ಜೋಡಿಸುತ್ತಿದ್ದವರ ಕಡೆ ತಿರುಗಿಕೊಂಡರು.

ಮಿಸ್ ಲಿಮ್ ಓದಲಿಲ್ಲ. ಅವಳು ಓದುವ ಕೆಲಸದವಳಲ್ಲ, ಕಳಿಸುವ ಕೆಲಸದವಳು. ಫಾರಮನ್ನು ಯಂತ್ರಕ್ಕೆ ತಿನ್ನಿಸಿ ಕಳಿಸಿದಳು.

ಮಾರನೆಯ ದಿನದಿಂದ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಸೇತುರಾಮಯ್ಯನವರ ಫೋನಿಗೆ ಸಂದೇಶ ಬರತೊಡಗಿತು: ನಿಮ್ಮ ವಸ್ತು ಇನ್ನೂ ಸಿಕ್ಕಿಲ್ಲ, ಹುಡುಕಾಟ ಮುಂದುವರಿದಿದೆ. ಸಂಧ್ಯಾವಂದನೆ ಮುಗಿಸಿ, ಪಂಚೆಯ ಅಂಚಿನಿಂದ ಕೈಯೊರೆಸಿಕೊಂಡು ಅವರು ಅದನ್ನು ಓದುತ್ತಿದ್ದರು. ಯಂತ್ರ ಕಳಿಸುತ್ತದೆಂದು ಸಿಂಚನಾ ಹೇಳಿದಳು. ಇರಬಹುದು, ಆದರೆ ಹೊತ್ತಿಗೆ ಸರಿಯಾಗಿ ಕಳಿಸುತ್ತದೆ, ನಮ್ಮವರು ಯಾರು ಅಷ್ಟು ಹೊತ್ತಿಗೆ ಸರಿಯಾಗಿ ಹುಡುಕುತ್ತಾರೆ ಎಂದರು ಅವರು.

ಆರನೆಯ ದಿನ ಲಿಸ್ಬನ್ನಿನಿಂದ ಫೋನು ಬಂತು. ಫಾರಮಿನಲ್ಲಿ ಮನೆಯವರ ನಂಬರೆಂದು ಶುಭಾಳದೂ ಇದ್ದದ್ದರಿಂದ ಅದು ಜುರಾಂಗ್ ಈಸ್ಟಿನಲ್ಲಿದ್ದ ಅವಳ ಆಫೀಸಿಗೆ, ಮೀಟಿಂಗಿನ ಮಧ್ಯಕ್ಕೆ ಬಂತು. ಆ ಕಡೆಯವನು ಬಹಳ ವಿನಯದಿಂದ, ಆ ಮಾರ್ಗದಲ್ಲಿ ಒಂದು ಹಸಿರು ಬಟ್ಟೆ, ಒಂದು ಕನ್ನಡಕ, ಮೇಲಿನ ವಸಡಿನ ಒಂದು ಕಟ್ಟುಹಲ್ಲು ಸಿಕ್ಕಿದೆ, ತಮ್ಮ ವಸ್ತು ಇವುಗಳಲ್ಲಿ ಯಾವುದು ಎಂದು ಕೇಳಿದನು. ಯಾವ ವಸ್ತು ಎಂದಳು ಶುಭಾ. ಅವನು ಹೆಸರನ್ನು ಕಷ್ಟಪಟ್ಟು ಓದಿದನು. ಉದ್ದ, ಬಣ್ಣ, ಮಚ್ಚೆ ಎಲ್ಲವನ್ನೂ ಓದಿದನು.

ಅವಳು ಮನೆಗೆ ಬಂದಾಗ ಸೇತುರಾಮಯ್ಯನವರು ಅಟ್ಲಾಸಿನ ಮುಂದೆ ಇದ್ದರು.

"ಅಪ್ಪಾ, ಅಮ್ಮನ್ನ ಲಾಸ್ಟ್ ಅಂಡ್ ಫೌಂಡಿಗೆ ಹಾಕಿದೀರಾ?"

"ಮೂರೇ ಫಾರಂ ಇತ್ತಮ್ಮ" ಎಂದರು ಅವರು.

ಶುಭಾ ಬ್ಯಾಗನ್ನು ನೆಲಕ್ಕೆ ಹಾಕಿ ಅಲ್ಲೇ ಕುಳಿತಳು. ದಶಮಿಯಾದರೇನು ಏಕಾದಶಿಯಾದರೇನು, ಅಮ್ಮ ಹಿಂದಕ್ಕೆ ಬರುತ್ತಾಳೆಯೇ, ನೂಲು ಹಿಡಿದು ಅಳೆಯುವುದನ್ನು ನಿಲ್ಲಿಸಿ ಎಂದು ಅತ್ತುಕೊಂಡೇ ಹೇಳಿದಳು. ಗಿರಿಧರನು ಬಾಗಿಲಲ್ಲಿ ನಿಂತವನು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಆಗ ಸೇತುರಾಮಯ್ಯನವರು ಒಂದು ವರ್ಷದಿಂದ ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿದರು.

ನಲವತ್ತೆರಡು ವರ್ಷ ಕೌಸಲ್ಯಮ್ಮ ಯಾವ ರೈಲಿನಲ್ಲಿ ಕುಳಿತರೂ ಗಂಟೆಗೊಮ್ಮೆ, ಈಗ ಎಲ್ಲಿ ಬಂದ್ವಿ ಎಂದು ಕೇಳುವರು. ಸೇತುರಾಮಯ್ಯನವರು ಕಣ್ಣು ಮುಚ್ಚಿಕೊಂಡೇ, ಗಾಲಿಯ ಸದ್ದಿನಿಂದಲೇ, ಅಕ್ಕಿಹೆಬ್ಬಾಳು ಬಿಟ್ಟಿತು, ಇನ್ನು ಹೊಳೆ ಎನ್ನುವರು. ಹೊಳೆ ಬಂದೇ ಬರುವುದು. ಇಷ್ಟು ತಿಳಿದವನ ಪಕ್ಕದಲ್ಲಿ ಕುಳಿತಿದ್ದೇನೆಂಬ ಧೈರ್ಯ ಆಕೆಗೆ. ಆ ದಿನ ವಿಮಾನದಲ್ಲೂ ಊಟವಾದಮೇಲೆ ಅದನ್ನೇ ಕೇಳಿದರು. ಸೇತುರಾಮಯ್ಯನವರು ಕಿಟಕಿಯಲ್ಲಿ ನೋಡಿದರು. ಬಿಳೀ ಮೋಡ. ಗಾಲಿಯ ಸದ್ದಿಲ್ಲ, ಕಲ್ಲಿಲ್ಲ. ತಿಳಿಯದು ಎನ್ನಲು ಬಾಯಿ ಬರಲಿಲ್ಲ.

"ಮಲಕ್ಕೋ, ಬಂದಾಗ ಹೇಳ್ತೀನಿ ಅಂದೆ. ಹೇಳಿ ನಾನೇ ಮಲಗಿಬಿಟ್ಟೆ. ಅವಳು ಕೇಳಿದ್ದು ಹಾಗೇ ಉಳಕೊಂಡಿದೆ ಶುಭಾ."

ಶುಭಾ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು, ತಾನೇ ಲಿಸ್ಬನ್ನಿಗೆ ಫೋನು ಮಾಡಿದಳು. ವಸ್ತು ಯಾವುದೆಂದು ತಿಳಿಸಿದಳು. ಆ ವಿನಯದ ಮನುಷ್ಯ ಹೆಸರನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡ. ಆ ಫಾರಮನ್ನು ಅಂದು ಆ ವಿಮಾನದಲ್ಲಿ ಕೆಲಸದ ಮೇಲಿದ್ದವರಿಗೆ ಕಳಿಸುತ್ತೇನೆ, ಇದಕ್ಕಿಂತ ಹೆಚ್ಚು ನನ್ನಿಂದ ಆಗದು ಎಂದ.

ಎಂಟು ದಿನ ಸಂದೇಶದ ಯಂತ್ರ ತನ್ನ ಕೆಲಸ ತಾನು ಮಾಡಿತು. ಒಂಬತ್ತನೆಯ ದಿನ ಸಂಜೆ ಶುಭಾಳ ಈಮೇಲಿಗೆ ಕಾಗದ ಬಂತು. ಗಗನಸಖಿಯೊಬ್ಬಳು ತನ್ನ ಟಿಪ್ಪಣಿ ಪುಸ್ತಕ ನೋಡಿ ಬರೆದದ್ದು. ಅದನ್ನು ಅಚ್ಚುಮಾಡಿಸಿ ತಂದಾಗ ಮನೆಯಲ್ಲಿ ಅಶ್ವತ್ಥನಾರಾಯಣರೂ ಇದ್ದರು, ಪರದೆಯ ಮೇಲೆ ಜೋಯಿಸರೂ ಇದ್ದರು. ಗಿರಿಧರನು ಮೊದಲ ಸಾಲು ಓದಿದ: ಇಪ್ಪತ್ತಮೂರನೆಯ ಸಾಲಿನ ಕಿಟಕಿಯ ಹೆಂಗಸಿನ ಜೊತೆ ನಾನು ಕಡೆಯದಾಗಿ ಮಾತಾಡಿದ್ದು ಹನ್ನೆರಡು ಐವತ್ತಕ್ಕೆ.

ಸೇತುರಾಮಯ್ಯನವರು ಬೆರಳು ಮಡಿಚಿ ಎಣಿಸಿದರು. ವಿಮಾನ ಹೊರಟದ್ದು ಹನ್ನೆರಡು ನಲವತ್ತಕ್ಕೆ. ಹತ್ತೇ ನಿಮಿಷ. ಹಾಗಾದರೆ ಊಟದ ಮೇಲೆ ಈಗ ಎಲ್ಲಿ ಬಂದ್ವಿ ಎಂದು ಕೇಳಿದವರು ಯಾರು? ಜೋಯಿಸರು ಪರದೆಯಲ್ಲಿ ಗಾಯತ್ರಿ ಹೇಳಿಕೊಳ್ಳತೊಡಗಿದರು. ಅಶ್ವತ್ಥನಾರಾಯಣರು, ಇಂಥದ್ದನ್ನು ನಮ್ಮ ತಿಪಟೂರು ಬ್ರಾಂಚಿನ ಮ್ಯಾನೇಜರೂ ನೋಡಿದ್ದರೆಂದು ಮೆಲ್ಲಗೆ ಶುರುಮಾಡಿದರು. ದಶಮಿ ಖಂಡಿತವೆಂದು ಎಲ್ಲರೂ ತೀರ್ಮಾನಿಸಿದಾಗ ಸಿಂಚನಾ ಕಾಗದವನ್ನು ಎಳೆದುಕೊಂಡಳು.

"ಅಯ್ಯೋ ತಾತ, ಇದು ಯುಟಿಸಿ ಲಾ. ಪ್ಲೇನಲ್ಲಿ ಕೆಲಸ ಮಾಡೋರಿಗೆಲ್ಲ ಒಂದೇ ಟೈಮ್ ಇರುತ್ತೆ, ಯಾವ ಊರಿಗೆ ಹೋದ್ರೂ ಚೇಂಜ್ ಮಾಡಲ್ಲ."

"ಮಾಡಲ್ಲವೇ?" ಎಂದರು ಸೇತುರಾಮಯ್ಯ.

"ನಿಮ್ಮ ವಾಚ್ ಥರಾನೇ. ಅದಕ್ಕೆ ಐದೂವರೆ ಗಂಟೆ ಸೇರಿಸಿದ್ರೆ ಇಂಡಿಯಾ ಟೈಮ್. ಆರು ಇಪ್ಪತ್ತು."

ಆರು ಇಪ್ಪತ್ತು. ಏಕಾದಶಿ ಹತ್ತಿ ನಲವತ್ತು ನಿಮಿಷವಾಗಿತ್ತು, ಕೌಸಲ್ಯಮ್ಮ ಇನ್ನೂ ಇದ್ದರು. ಜೋಯಿಸರು ಪಂಚಾಂಗ ಮುಚ್ಚಿ ಕಣ್ಣಿಗೊತ್ತಿಕೊಂಡರು. ಅಶ್ವತ್ಥನಾರಾಯಣರು ತಿಪಟೂರಿನ ಮ್ಯಾನೇಜರನ್ನು ಅಲ್ಲಿಗೇ ಬಿಟ್ಟು, ಮೂಗು ಒರೆಸಿಕೊಂಡರು. ಕಾಗದ ಇನ್ನೂ ಉಳಿದಿತ್ತು. ಈ ಸಲ ಶುಭಾ ಓದಿದಳು.

ಆ ಹೆಂಗಸು ಕರೆಗಂಟೆ ಒತ್ತಿದರು, ನಾನು ಹೋದೆ, ಎಂದಿತ್ತು ಕಾಗದದಲ್ಲಿ. ಅವರ ಭಾಷೆ ನನಗೆ ತಿಳಿಯದು. ಕಿಟಕಿಯಿಂದ ಕೆಳಗೆ ಬೆರಳು ತೋರಿಸಿ ಏನೋ ಕೇಳಿದರು. ಮೋಡ ಹರಿದಿತ್ತು, ಬೆಟ್ಟಗಳ ಮೇಲೆ ಹಿಮ ಕಾಣುತ್ತಿತ್ತು. ನಾನು ಸೀಟಿನ ಜೇಬಿನಲ್ಲಿದ್ದ ಪತ್ರಿಕೆಯ ಹಿಂದಿನ ನಕ್ಷೆ ತೆರೆದು, ಫ್ರಾನ್ಸ್ ಮುಗಿದು ಸ್ಪೇನ್ ಶುರುವಾಗುವಲ್ಲಿ, ಪೈರನೀಸ್ ಪರ್ವತದ ಮೇಲೆ ಬೆರಳಿಟ್ಟೆ. ಅವರು ಅದನ್ನು ನೋಡಿ ತಲೆಯಾಡಿಸಿದರು. ಪಕ್ಕದಲ್ಲಿ ಗಂಡ ಮಲಗಿದ್ದರು. ಅವರಿಗೂ ತೋರಿಸಲೆಂದು ನಾನು ಕೈ ಚಾಚಿದೆ. ಆ ಹೆಂಗಸು ತುಟಿಯ ಮೇಲೆ ಬೆರಳಿಟ್ಟು, ಎಬ್ಬಿಸಬೇಡ ಎಂದು ನನ್ನನ್ನು ತಡೆದರು. ಅವರ ಮುಖ ಸಂತೋಷವಾಗಿತ್ತು.

ಸೇತುರಾಮಯ್ಯನವರು ಎದ್ದು ಅಟ್ಲಾಸಿನ ಬಳಿಗೆ ಹೋದರು. ನೂಲು ಹಿಡಿದು ಆ ಬೆಟ್ಟಗಳವರೆಗೆ ಅಳೆದರು. ವಿಯೆನ್ನಾ ಬಿಟ್ಟು ಒಂದು ಸಾವಿರದ ನಾನೂರು ಕಿಲೋಮೀಟರು. ಅದನ್ನು ತಮ್ಮ ಡೈರಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು, ರೈಲ್ವೆಯವರು ಮಾಡುವಂತೆ ರುಜು ಹಾಕಿದರು. ಮಾರನೆಯ ಬೆಳಿಗ್ಗೆ ಎಂಟಕ್ಕೆ ಯಂತ್ರದ ಸಂದೇಶ ಬಂತು: ನಿಮ್ಮ ಅರ್ಜಿ ಮುಕ್ತಾಯವಾಗಿದೆ. ಅದಾದಮೇಲಿನ ಬೆಳಿಗ್ಗೆ ಅವರು ಎಂಟರವರೆಗೆ ಫೋನು ಹಿಡಿದು ಕಾದರು. ಏನೂ ಬರಲಿಲ್ಲ.

ಏಕಾದಶಿಯ ದಿನ ವರ್ಷಾಬ್ದಿಕ ನಡೆಯಿತು. ಜೋಯಿಸರ ಪರದೆ ಒಮ್ಮೆಯೂ ನಿಲ್ಲಲಿಲ್ಲ. ಪಿಂಡಗಳನ್ನು ಪಾಸಿರ್ ರಿಸ್ ಕಡಲಿಗೆ ಬಿಟ್ಟು, ತಾತ ಮೊಮ್ಮಗಳು ಮಧ್ಯಾಹ್ನ ಮನೆಗೆ ಮರಳಲು ಊರಿನ ರೈಲಾದ ಎಂಆರ್‌ಟಿ ಹತ್ತಿದರು. ಉದ್ದದ ದಾರಿ. ಜುರಾಂಗ್ ಈಸ್ಟಿನಲ್ಲಿ ರೈಲು ಬದಲಾಯಿಸಿದಾಗ ಬೋಗಿ ಖಾಲಿಯಿತ್ತು. ಸೇತುರಾಮಯ್ಯನವರು ಕಿಟಕಿಯ ಪಕ್ಕದ ಸೀಟು ಬಿಟ್ಟು ಅದರ ಪಕ್ಕದ್ದರಲ್ಲಿ ಕುಳಿತರು. ಎದುರಿಗೆ ಕುಳಿತ ಸಿಂಚನಾ ಇದನ್ನು ನೋಡಿದಳು.

ಬುಕಿತ್ ಬಾಟೊಕ್‌ನಲ್ಲಿ ತರಕಾರಿ ಚೀಲ ಹೊತ್ತ ಚೀನೀ ಅಜ್ಜಿಯೊಬ್ಬಳು ಹತ್ತಿ ಆ ಖಾಲಿ ಸೀಟಿನ ಮುಂದೆ ನಿಂತಳು. ಯಾರಾದರೂ ಇದ್ದಾರೆಯೇ ಎಂದು ಕೈಸನ್ನೆ ಮಾಡಿದಳು. ಸೇತುರಾಮಯ್ಯನವರು ಅವಳನ್ನು ನೋಡಿದರು, ಸೀಟನ್ನು ನೋಡಿದರು. ಆಮೇಲೆ ಕಾಲು ಸರಿಸಿ ದಾರಿ ಬಿಟ್ಟರು. ಅಜ್ಜಿ ಕುಳಿತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಆಚೆ ನೋಡತೊಡಗಿದಳು.

ರೈಲು ಹೊರಟಿತು. ಸೇತುರಾಮಯ್ಯನವರು ಕಣ್ಣು ಮುಚ್ಚಿಕೊಂಡು ಗಾಲಿಯ ಸದ್ದು ಕೇಳಿದರು.

"ಬುಕಿತ್ ಬಾಟೊಕ್ ಬಿಟ್ಟಿತು" ಎಂದರು, ಮೆಲ್ಲಗೆ. "ಇನ್ನೆರಡು ಸ್ಟೇಷನ್."

ಅಜ್ಜಿಗೆ ಆ ಭಾಷೆ ತಿಳಿಯದು. ಆದರೂ ತಿರುಗಿ ನೋಡಿ, ತಿಳಿದವಳಂತೆ ತಲೆಯಾಡಿಸಿದಳು.